ಅಭಿಸರಣ

ಸಂಸ್ಕೃತದ 'ಸೃ' ಧಾತುವಿಗೆ ಚಲಿಸು, ಹರಿ ಎಂಬ ಅರ್ಥ. ಮುಂದೆ 'ಅಭಿ' ಸೇರಿದರೆ ಒಂದರ ಕಡೆಗೆ ಸಾಗುವುದು. ಭರತನ ನಾಟ್ಯಶಾಸ್ತ್ರ ಹೇಳುವ ಎಂಟು ನಾಯಿಕೆಯರಲ್ಲಿ ನಲ್ಲನನ್ನು ಕಾಣಲು ತಾನೇ ಹೊರಡುವವಳು ಅಭಿಸಾರಿಕೆ. ಅದೇ ಬೇರಿನ ಶಬ್ದ ಗಣಿತಕ್ಕೂ ಬಂತು: ಶ್ರೇಢಿಯೊಂದು ತನ್ನ ಮಿತಿಯತ್ತ ಅಭಿಸರಿಸುತ್ತದೆ. ಎಷ್ಟು ಚೆಲುವಾದ ಆಯ್ಕೆ!

ಆದರೆ ಸಾಧನೆ ಬರೆಯಲು ಕೂತಾಗ ಈ ನಡಿಗೆಯ ಚಿತ್ರವನ್ನು ಪಕ್ಕಕ್ಕಿಡಬೇಕಾಗುತ್ತದೆ. 1, 0, 1/2, 0, 1/3, 0 ಎಂದು ಮುಂದುವರಿಯುವ ಶ್ರೇಢಿಯನ್ನು ನೋಡಿ. ಸೊನ್ನೆಯನ್ನು ಮುಟ್ಟುತ್ತದೆ, ದೂರ ಸರಿಯುತ್ತದೆ, ಮತ್ತೆ ಮುಟ್ಟುತ್ತದೆ. ಆದರೂ ಅದರ ಮಿತಿ ಸೊನ್ನೆಯೇ. 'ಹತ್ತಿರವಾಗುತ್ತಲೇ ಹೋಗುತ್ತದೆ, ಎಂದೂ ಮುಟ್ಟುವುದಿಲ್ಲ' ಎಂದು ತರಗತಿಗಳಲ್ಲಿ ಕೇಳಿಬರುವ ವಿವರಣೆ ಇಲ್ಲಿ ಎರಡು ಕಡೆಯೂ ಸೋಲುತ್ತದೆ.

19ನೇ ಶತಮಾನದಲ್ಲಿ ಗಣಿತಜ್ಞರಾದ ಬೋಲ್ಜಾನೊ, ಕೋಶಿ, ವೈರ್‌ಸ್ಟ್ರಾಸ್ ಅವರ ಕೈಯಲ್ಲಿ ಖಚಿತಗೊಂಡ ಮಿತಿಯ ವ್ಯಾಖ್ಯೆಯಲ್ಲಿ ಚಲನೆಯೇ ಇಲ್ಲ. ಎಪ್ಸಿಲಾನ್ ಎಂಬ ಧನ ಸಂಖ್ಯೆ ಎಷ್ಟೇ ಚಿಕ್ಕದಿರಲಿ, ಯಾವುದೋ ಒಂದು ಸ್ಥಾನದಿಂದಾಚೆಗೆ ಎಲ್ಲ ಪದಗಳೂ ಮಿತಿಯಿಂದ ಅದಕ್ಕಿಂತ ಕಡಿಮೆ ಅಂತರದಲ್ಲಿರಬೇಕು, ಅಷ್ಟೇ. ಎಪ್ಸಿಲಾನ್ 1/100 ಎನ್ನೋಣ. ಮೇಲಿನ ಶ್ರೇಢಿಯ 199ನೇ ಪದ ಸರಿಯಾಗಿ 1/100, ಅದು ಸಾಲದು. 200ನೆಯದರಿಂದ ಮುಂದಿನ ಯಾವ ಪದವೂ 1/101ನ್ನು ಮೀರದು. 'ಎಲ್ಲ ಪದಗಳೂ' ಎಂಬಲ್ಲೇ ಸಾಧನೆಯ ಜೀವವಿದೆ. ಕೆಲವು ಪದಗಳು ಹತ್ತಿರವಿದ್ದರೆ ಏನೂ ಸಿದ್ಧವಾಗದು.

ಅಭಿಸರಣದ ವಿರುದ್ಧ ಶಬ್ದ ಅಪಸರಣ, ದೂರ ಸರಿಯುವುದು. 1, -1, 1, -1 ಎಂಬ ಶ್ರೇಢಿ ಎಲ್ಲಿಗೂ ದೂರ ಹೋಗುವುದಿಲ್ಲ. ಮಿತಿಯಿಲ್ಲದ ಕಾರಣಕ್ಕೆ ಅದೂ ಅಪಸರಿಸುವ ಶ್ರೇಢಿಯೇ.