ಕರ್ನಾಟಕದ ಸ್ಮಾರಕಗಳ ಆರಂಭಿಕ ಛಾಯಾಗ್ರಹಣ

ಕರ್ನಾಟಕದ ದೇವಾಲಯ, ಮಸೀದಿ, ಗೋರಿಗಳನ್ನು ಕ್ಯಾಮೆರಾದಲ್ಲಿ ದಾಖಲಿಸುವ ಕೆಲಸ 1850ರ ದಶಕದಲ್ಲಿ ನೆಲೆಗೊಂಡಿತು. ಅದಕ್ಕೆ ಮೊದಲು ಸ್ಮಾರಕಗಳ ಚಿತ್ರಗಳನ್ನು ಕೈಯಿಂದ ಬರೆಯಬೇಕಿತ್ತು. ಹೊಯ್ಸಳ ಗೋಡೆಗಳ ದಟ್ಟ ಕೆತ್ತನೆಯನ್ನು ಹಾಗೆ ಪೂರ್ತಿಯಾಗಿ ಬರೆದು ಮುಗಿಸುವುದು ಬಹಳ ಕಷ್ಟವಾಗಿತ್ತು.

ಛಾಯಾಗ್ರಾಹಕರು

ಮದ್ರಾಸ್ ಸೈನ್ಯದ ಲಿನ್ನೇಯಸ್ ಟ್ರೈಪ್ 1854ರಲ್ಲಿ ಬೇಲೂರು, ಹಳೇಬೀಡುಗಳ ದೇವಾಲಯಗಳ ಚಿತ್ರ ತೆಗೆದರು. ಮರುವರ್ಷ ಬೊಂಬಾಯಿ ಸರ್ಕಾರ ಥಾಮಸ್ ಬಿಗ್ಸ್ ಅವರನ್ನು ಬಿಜಾಪುರ, ಬಾದಾಮಿ, ಐಹೊಳೆಗಳ ದಾಖಲೆಗೆ ನೇಮಿಸಿತು. ಅವರ ನಂತರ ಆ ಕೆಲಸ ವೈದ್ಯ ವಿಲಿಯಂ ಪಿಗೌ ಅವರ ಪಾಲಿಗೆ ಬಂತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯನ್ನು ದೊಡ್ಡ ಅಳತೆಯ ನೆಗೆಟಿವ್‌ಗಳಲ್ಲಿ ಚಿತ್ರಿಸಿದರು. ಬಿಗ್ಸ್, ಪಿಗೌ ಮತ್ತು ಎ.ಸಿ.ಬಿ. ನೀಲ್ ಅವರ ಚಿತ್ರಗಳುಳ್ಳ, ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪದ ಗ್ರಂಥ 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅದರ ಬರಹ ಭಾಗವನ್ನು ಮೆಡೋಸ್ ಟೇಲರ್ ಹಾಗೂ ಜೇಮ್ಸ್ ಫರ್ಗ್ಯುಸನ್ ಬರೆದರು.

ವಿಧಾನ

ಗ್ರೀನ್‌ಲಾ ಬಳಸಿದ್ದು ಮೇಣಕಾಗದದ ನೆಗೆಟಿವ್. ಫ್ರಾನ್ಸ್‌ನ ಗುಸ್ತಾವ್ ಲ ಗ್ರೇ 1851ರಲ್ಲಿ ಪ್ರಕಟಿಸಿದ ಈ ವಿಧಾನದಲ್ಲಿ ಮೇಣ ಹೀರಿಸಿದ ಕಾಗದವನ್ನು ಅಯೋಡೈಡ್ ದ್ರಾವಣದಲ್ಲಿ ನೆನೆಸಿ, ಸಿಲ್ವರ್ ನೈಟ್ರೇಟ್ ಲೇಪಿಸುತ್ತಿದ್ದರು. ಕಾಗದವನ್ನು ಕೆಲವು ದಿನ ಮೊದಲೇ ಸಿದ್ಧಪಡಿಸಿಡಬಹುದಾದ್ದರಿಂದ ದೂರದ ಪ್ರಯಾಣಕ್ಕೆ ಇದು ಅನುಕೂಲವಾಗಿತ್ತು. ಆದರೆ ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಬೆಳಕು ಬೇಕಿತ್ತು. ಓಡಾಡುವ ಜನ ಮೂಡುತ್ತಿರಲಿಲ್ಲ. ಕಲ್ಲು ಮಾತ್ರ ಸ್ಪಷ್ಟವಾಗಿ ಮೂಡುತ್ತಿತ್ತು.

ಚಿತ್ರಗಳಲ್ಲಿ ಕಾಣುವ ಕುಶಲತೆ

ಹೊಯ್ಸಳ ಶಿಲ್ಪಿಗಳ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದು, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿ. ಒಡವೆಯ ಎಳೆಯಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾದದ್ದು ಇದರಿಂದಲೇ. ಹಳೇಬೀಡಿನ ಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರ ಪಟ್ಟಿಕೆಗಳು ಇವೆ. ಹಂಪಿಯಲ್ಲಿ ಬಳಸಿದ್ದು ಗಡಸು ಗ್ರಾನೈಟ್. ಬಂಡೆಯನ್ನು ಸೀಳಲು ಕೊರೆದ ಗುಳಿಗಳ ಸಾಲು ಅಲ್ಲಿ ಇಂದಿಗೂ ಉಳಿದಿದೆ.

ಮಹತ್ವ

ಗ್ರೀನ್‌ಲಾ ಚಿತ್ರದಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಈಗ ಅದು ಇಲ್ಲ. ಕಳೆದುಹೋದ ಇಂಥ ಭಾಗಗಳಿಗೆ ಹಳೆಯ ಚಿತ್ರಗಳೇ ಆಧಾರ. ಆದರೆ ಕಟ್ಟಿದವರ ಹೆಸರುಗಳಿಗಾಗಿ ಕಲ್ಲಿನ ಮೇಲಿನ ಬರಹಗಳನ್ನೇ ಓದಬೇಕು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ ತಮ್ಮ ಹೆಸರು ಕೆತ್ತಿದ್ದಾರೆ. ಸ್ಮಾರಕಗಳ ಚರಿತ್ರೆಯಲ್ಲಿ ಕ್ಯಾಮೆರಾ ಹಿಡಿದವರಿಗೆ ಸಲ್ಲುವ ಗೌರವ ಉಳಿ ಹಿಡಿದ ಇವರಿಗೂ ಸಲ್ಲಬೇಕು.