ಹೊಟ್ಟಿ ಎಂಬ ಒಂದು ಮಾತು

ಹೋದ ಶ್ರಾವಣದಲ್ಲಿ ಯಾದಗಿರಿ ಜಿಲ್ಲೆಯ ನಮ್ಮೂರು ದೋರನಹಳ್ಳಿಗೆ ಹೋದಾಗ ಚಿಗವ್ವನನ್ನು ದವಾಖಾನೆಗೆ ಕರೆದೊಯ್ದಿದ್ದೆ. ಡಾಕ್ಟರು ಮಂಡ್ಯ ಕಡೆಯ ಹುಡುಗ, ಒಳ್ಳೆಯ ತಾಳ್ಮೆಯವ. ‘ಏನಾಗ್ತಿದೆ ಅಜ್ಜಿ?’ ಎಂದು ಕೇಳಿದ. ‘ಹೊಟ್ಟ್ಯಾಗ ಬ್ಯಾನಿ ಅದರೀ ಸಾಹೇಬ್ರ.’ ‘ಹೊಟ್ಟೇಲಿ ಎಲ್ಲಿ?’ ‘ಹೊಟ್ಟ್ಯಾಗ್ರೀ.’ ಆತ ಮತ್ತೊಮ್ಮೆ ಕೇಳಿದ. ಚಿಗವ್ವ ಅಂಗೈಯನ್ನು ಎದೆಗೂಡಿನ ಕೆಳಗಿಟ್ಟು, ನೆಲ ಸಾರಿಸುವ ಹಾಗೆ ಕಿಬ್ಬೊಟ್ಟೆಯವರೆಗೂ ಒಮ್ಮೆ ಸವರಿ ತೋರಿಸಿದಳು. ಅಷ್ಟೂ ಆಕೆಗೆ ಹೊಟ್ಟಿಯೇ.

ಅಂದಿನಿಂದ ಈ ಮಾತು ನನ್ನನ್ನು ಬಿಟ್ಟಿಲ್ಲ.

ಹಳಗನ್ನಡದಲ್ಲಿ ಇದು ಪೊಟ್ಟೆ. ಪಾಲು ಹಾಲಾದಂತೆ, ಪೂವು ಹೂವಾದಂತೆ, ಪೊಟ್ಟೆ ಹೊಟ್ಟೆಯಾಯಿತು. ಆದರೆ ಕಿಬ್ಬೊಟ್ಟೆ ಎನ್ನುವಾಗ ಆ ಹಳೆಯ ಪಕಾರ ಬಕಾರವಾಗಿ ಇನ್ನೂ ನಮ್ಮ ಬಾಯಲ್ಲಿ ಉಳಿದಿದೆ, ಹೆಬ್ಬಾವಿನಲ್ಲಿ ಪಾವು ಉಳಿದ ಹಾಗೆ. ನಮ್ಮೂರಿಂದ ಮೂಡಣಕ್ಕೆ ಹೋಗಿ ತೆಲಂಗಾಣದ ಗಡಿ ದಾಟಿದರೆ ಜನ ಈಗಲೂ ಪೊಟ್ಟ ಎಂದೇ ಅನ್ನುತ್ತಾರೆ. ಮರಾಠಿಯವರಿಗೆ ಪೋಟ್, ಉರ್ದು ಮಾತಾಡುವ ನೆರೆಮನೆಯವರಿಗೆ ಪೇಟ್. 1956ರವರೆಗೆ ಹೈದರಾಬಾದ್ ರಾಜ್ಯದ ಒಂದೇ ಆಡಳಿತದ ಅಡಿ ಬಾಳಿದ ಜನ ಇವರೆಲ್ಲ. ಸಂತೆಯಲ್ಲಿ ಯಾರು ಯಾವ ಭಾಷೆಯಲ್ಲಿ ಹಸಿವು ಹೇಳಿಕೊಂಡರೂ ಎದುರಿನವರಿಗೆ ತಿಳಿಯುತ್ತಿತ್ತು.

ಬಸಿರು ಎಂಬ ಮಾತಿನ ಕತೆ ಇನ್ನೂ ಸೊಗಸು. ಮೊದಲು ಬಸಿರು ಎಂದರೂ ಹೊಟ್ಟೆಯೇ; ತಮಿಳಿನ ವಯಿರು ಅದರ ಒಡಹುಟ್ಟು. ಬರಬರುತ್ತ ಬಸಿರು ತಾಯಂದಿರ ಪಾಲಿಗೆ ಹೋಯಿತು, ಹೊಟ್ಟೆ ಎಲ್ಲರ ಪಾಲಿಗೆ ಉಳಿಯಿತು. ಹಾಗೆಂದು ಹೊಟ್ಟೆ ತಾಯ್ತನವನ್ನು ಬಿಟ್ಟುಕೊಡಲಿಲ್ಲ. ನಮ್ಮ ಕಡೆ ಬಸುರಿಯನ್ನು ‘ಹೊಟ್ಟೀಲಿ ಅದಾಳ’ ಎನ್ನುತ್ತಾರೆ. ಹೆರಿಗೆಯ ನೋವೂ ಬ್ಯಾನಿ, ಅಜೀರ್ಣದ ನೋವೂ ಬ್ಯಾನಿ. ‘ನನ್ನ ಹೊಟ್ಟ್ಯಾಗ ಹುಟ್ಟಿದಾಂವ’ ಎಂದು ತಾಯಿ ಮಗನನ್ನು ತೋರಿಸುವಾಗ ಆ ಮಾತಿಗೆ ಎದುರು ಮಾತಿಲ್ಲ.

ಶಾಲೆಯ ಪುಸ್ತಕ ಮಾತ್ರ ಜಠರ ಎಂದು ಬೇರೆ ಹೆಸರು ಕೊಟ್ಟಿತು. ಅದು ಇರುವುದು ನಾವು ಹೊಟ್ಟೆ ಹಿಡಿದುಕೊಳ್ಳುವ ಹೊಕ್ಕುಳ ಸುತ್ತ ಅಲ್ಲ, ಮೇಲೆ, ಎಡ ಪಕ್ಕೆಲುಬಿನ ಮರೆಯಲ್ಲಿ. ಬರಿದಾದಾಗ ಮುದುಡಿದ ಚೀಲ. ಉಂಡಾಗ ಒಂದು ಲೀಟರು, ಕೆಲವೊಮ್ಮೆ ಒಂದೂವರೆ ಲೀಟರು ಹಿಡಿಯುವಷ್ಟು ಹಿಗ್ಗುತ್ತದೆ. ಜ್ವಾಳದ ರೊಟ್ಟಿ ಮುರಿದು ಪುಂಡಿ ಪಲ್ಯದ ಜೊತೆ ಬಾಯಿಗಿಟ್ಟು ಚೆನ್ನಾಗಿ ಅಗಿದರೆ ಕೊನೆಗೆ ನಾಲಗೆಗೆ ಒಂದು ಸಣ್ಣ ಸಿಹಿ ತಾಗುತ್ತದೆ. ಜೊಲ್ಲು ಆಗಲೇ ಜ್ವಾಳದ ಹಿಟ್ಟನ್ನು ಸಕ್ಕರೆಯಾಗಿ ಒಡೆಯತೊಡಗಿದೆ ಎಂಬುದರ ಗುರುತು ಅದು. ‘ರೊಟ್ಟಿ ನುರಿಸಿ ತಿನ್ನೋ ಎಪ್ಪಾ, ನುಂಗಬ್ಯಾಡ’ ಎಂದು ನಮ್ಮ ಆಯಿ ಗದರುತ್ತಿದ್ದಳು. ಆ ತುತ್ತು ಗೇಣುದ್ದದ ಅನ್ನನಾಳದಲ್ಲಿ ಜಾರಿ ಜಠರಕ್ಕೆ ಬಿದ್ದರೆ ಅಲ್ಲಿ ಎರಡರಿಂದ ನಾಲ್ಕು ತಾಸು ನಾದಿಸಿಕೊಳ್ಳುತ್ತದೆ. ಆಯಿ ಕೊಣಮಿಗೆಯಲ್ಲಿ ಹಿಟ್ಟು ನಾದುತ್ತಿದ್ದದ್ದೂ ಹಾಗೆಯೇ, ಅಂಗೈ ಒತ್ತಿ, ಮಡಚಿ, ಮತ್ತೆ ಒತ್ತಿ.

ಹೊಟ್ಟೆಯಲ್ಲಿ ಬೆಂಕಿ ಇದೆ ಎಂದು ಹಿರಿಯರು ನಂಬಿದ್ದರು. ಜಠರಾಗ್ನಿ ಎಂಬ ಮಾತು ಹುಟ್ಟಿದ್ದು ಹಾಗೆ. ಇರುವುದು ಬೆಂಕಿಯಲ್ಲ, ಆಮ್ಲ. ಜಠರ ದಿನಕ್ಕೆ ಸುಮಾರು ಎರಡು ಲೀಟರು ರಸ ಸುರಿಸುತ್ತದೆ, ಅದರಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ. ಆ ಆಮ್ಲ ಜಠರದ ಗೋಡೆಯನ್ನೇ ಸುಡದಂತೆ ದಪ್ಪನೆಯ ಲೋಳೆ ಒಳಗೆಲ್ಲ ಬಳಿದುಕೊಂಡಿರುತ್ತದೆ, ಒಳಪದರ ಕೆಲವೇ ದಿನಕ್ಕೊಮ್ಮೆ ಹೊಸದಾಗುತ್ತದೆ. ಆ ಲೋಳೆ ದಾಟಿ ಗಾಯವಾದರೆ ಹುಣ್ಣು, ಆಮ್ಲ ಮೇಲಕ್ಕೆ ನುಗ್ಗಿದರೆ ಎದೆಯುರಿ.

ಹಾಗಾದರೆ ಹೊಟ್ಟೆಯುರಿ, ಹೊಟ್ಟೆಕಿಚ್ಚು? ನೆರೆಯವನ ಹೊಲದಲ್ಲಿ ಬೋರಿಗೆ ನೀರು ಬಿತ್ತೆಂದರೆ ಉರಿಯುವ ಜಾಗ ಅದೇ ಏಕೆ? ಇದಕ್ಕೆ ಅಮೆರಿಕದ ಒಂದು ಹಳೆಯ ಘಟನೆ ನೆನಪಾಗುತ್ತದೆ. 1822ರಲ್ಲಿ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಕೈತಪ್ಪಿ ಹಾರಿದ ಗುಂಡು ತಗಲಿತು. ಆತ ಬದುಕಿಕೊಂಡ, ಆದರೆ ಜಠರಕ್ಕೆ ಬಿದ್ದ ತೂತು ಮುಚ್ಚಲೇ ಇಲ್ಲ. ಸೈನ್ಯದ ವೈದ್ಯ ವಿಲಿಯಂ ಬ್ಯೂಮಾಂಟ್ ಆ ತೂತಿನಲ್ಲಿ ದಾರಕ್ಕೆ ಕಟ್ಟಿದ ಮಾಂಸದ ಚೂರು ಇಳಿಬಿಟ್ಟು, ಎಳೆದು, ಎಷ್ಟು ಕರಗಿತೆಂದು ವರ್ಷಗಟ್ಟಲೆ ನೋಡಿದ. 1833ರಲ್ಲಿ ಪುಸ್ತಕ ಬರೆದ. ಆ ಯುವಕ ಸಿಟ್ಟಾದಾಗ ಅನ್ನ ಕರಗುವ ರೀತಿಯೇ ಬದಲಾಗುತ್ತಿತ್ತೆಂದು ಆತ ಗುರುತು ಹಾಕಿಕೊಂಡಿದ್ದ. ಮಿದುಳಿಗೂ ಹೊಟ್ಟೆಗೂ ನಡುವೆ ನರಗಳ ದೊಡ್ಡ ದಾರಿಯೇ ಇದೆಯೆಂದು ಇಂದು ಗೊತ್ತು. ಕರುಳ ಗೋಡೆಯಲ್ಲೇ ಕೋಟಿಗಟ್ಟಲೆ ನರಕೋಶಗಳಿವೆ. ಹೊಟ್ಟೆಕಿಚ್ಚು ಎಂದ ನಮ್ಮವರು ಅದನ್ನು ಮೈಯಿಂದಲೇ ಬಲ್ಲವರಾಗಿದ್ದರು ಎಂದು ನನ್ನ ನಂಬಿಕೆ.

ಆದರೂ ಉಂಡದ್ದು ನಮ್ಮದಾಗುವುದು ಜಠರದಲ್ಲಲ್ಲ, ಸಣ್ಣ ಕರುಳಿನಲ್ಲಿ. ಆರು ಮೀಟರಿನಷ್ಟು ಉದ್ದದ ಆ ಕರುಳಿನಲ್ಲಿ ರೊಟ್ಟಿಯ ಸಾರ ರಕ್ತಕ್ಕೆ ಸೇರುತ್ತದೆ. ‘ಹೊಟ್ಟಿ ತುಂಬ್ತು, ಆದ್ರ ಮೈಗೆ ಹತ್ತಲಿಲ್ಲ’ ಎಂದು ಸಣಕಲು ಮೊಮ್ಮಗನನ್ನು ನೋಡಿ ಅಜ್ಜಿಯರು ಹೇಳುತ್ತಾರಲ್ಲ, ತುಂಬುವ ಜಾಗ ಬೇರೆ, ಹತ್ತುವ ಜಾಗ ಬೇರೆ ಎಂಬುದು ಆ ಮಾತಿನಲ್ಲೇ ಇದೆ. ತುಂಬಿತೆಂಬ ಸುದ್ದಿ ಮಿದುಳಿಗೆ ಪೂರ್ತಿ ಮುಟ್ಟಲು ಸುಮಾರು ಇಪ್ಪತ್ತು ನಿಮಿಷ ಬೇಕು. ಮುಟ್ಟಿದ ಮೇಲೆ ಹುಗ್ಗಿಯೂ ಮುಳ್ಳು.

ಹೊಟ್ಟೆಪಾಡು ಎಂಬ ಮಾತನ್ನು ಮಾತ್ರ ನಾನು ಹಗುರವಾಗಿ ಬರೆಯಲಾರೆ. ಪಾಡು ಎಂದರೆ ಸ್ಥಿತಿ, ಬವಣೆ. ಕಾಲುವೆ ನೀರು ಬಂದ ಕಡೆ ಭತ್ತ ಬೆಳೆದರೂ, ಯಾದಗಿರಿ ಜಿಲ್ಲೆಯಿಂದ ಬೆಂಗಳೂರು, ಮುಂಬಯಿ, ಹೈದರಾಬಾದುಗಳಿಗೆ ಗುಳೆ ಹೋಗುವುದು ನಿಂತಿಲ್ಲ. ಹಬ್ಬ ಮುಗಿಯುತ್ತಲೇ ಕೀಲಿ ಹಾಕಿದ ಮನೆಗಳ ಮುಂದೆ ನಿಂತು ಎಲ್ಲಿ ಹೋದರೆಂದು ಕೇಳಿದರೆ, ‘ಹೊಟ್ಟಿ ಹೊರಕೊಳ್ಳಾಕ ಹೋಗ್ಯಾರ’ ಎಂಬ ಉತ್ತರ ಬರುತ್ತದೆ. ಹೊರುವುದು ಎಂಬ ಕ್ರಿಯಾಪದವನ್ನು ಗಮನಿಸಿ. ಗಾರೆಯ ಪುಟ್ಟಿ ತಲೆಯ ಮೇಲೆ ಹೊರುವ ಹೆಣ್ಣುಮಗಳಿಗೆ ಹೊಟ್ಟೆಯೂ ಒಂದು ಹೊರೆ.

ಈ ಮಾತಿನ ಬಳಕೆಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದೆನಿಸುವುದು ‘ಹೊಟ್ಟ್ಯಾಗ ಹಾಕ್ಕೋ’ ಎಂಬುದು. ತಪ್ಪು ಮಾಡಿದ ತಮ್ಮನನ್ನು ಅಣ್ಣನ ಮುಂದೆ ನಿಲ್ಲಿಸಿ ಹಿರಿಯರು ಹೀಗೆ ಬೇಡುತ್ತಾರೆ. ಮರೆತುಬಿಡು ಎನ್ನುವುದಿಲ್ಲ, ಹೊಟ್ಟೆಗೆ ಹಾಕಿಕೋ ಎನ್ನುತ್ತಾರೆ. ಹೊಟ್ಟೆಗೆ ಹೋದದ್ದು ಹೋದಂತೆ ಉಳಿಯದು, ಕರಗುತ್ತದೆ. ಮಣ್ಣ ಮೇಲೆ ದುಡಿದ ಜನ ಕ್ಷಮೆಗೆ ಕಂಡುಕೊಂಡ ಹೆಸರಿದು.

ಚಿಗವ್ವನ ಕತೆ ಮುಗಿಸುತ್ತೇನೆ. ವೈದ್ಯರು ಹೊಟ್ಟೆಯನ್ನು ಒಂಬತ್ತು ಮನೆಗಳಾಗಿ ವಿಂಗಡಿಸಿಕೊಂಡು ನೋಡುತ್ತಾರೆ. ಒಂದೊಂದು ಮನೆಯ ನೋವಿಗೆ ಒಂದೊಂದು ಕಾರಣ. ಆ ಹುಡುಗ ಕೊನೆಗೆ ಆಕೆಯ ಕೈ ಹಿಡಿದು, ‘ಒಂದೇ ಬೆರಳಿಂದ ತೋರ್ಸಿ ಅಜ್ಜಿ’ ಎಂದ. ಬೆರಳು ಬಲ ಪಕ್ಕೆಲುಬಿನ ಕೆಳಗೆ ನಿಂತಿತು. ಕಲಬುರಗಿಯಲ್ಲಿ ಸ್ಕ್ಯಾನ್ ಮಾಡಿಸಿದಾಗ ಪಿತ್ತಕೋಶದಲ್ಲಿ ಕಲ್ಲು ಕಂಡಿತು. ವರ್ಷದಿಂದ ಆಕೆ ಗ್ಯಾಸೆಂದು ಅಜವಾನ ಅಗಿಯುತ್ತಿದ್ದಳು.

ಅದಕ್ಕೇ ಕೇಳಿಕೊಳ್ಳುತ್ತೇನೆ: ನಿಮ್ಮ ಮನೆಯ ಹಿರಿಯರು ‘ಹೊಟ್ಟ್ಯಾಗ ಬ್ಯಾನಿ’ ಎಂದರೆ, ಒಂದು ಬೆರಳಿಟ್ಟು ಜಾಗ ತೋರಿಸಲು ಹೇಳಿ. ಹೊಕ್ಕುಳ ಸುತ್ತ ಶುರುವಾದ ನೋವು ಬಲಗಡೆ ಕೆಳಕ್ಕೆ ಇಳಿದು ನಿಂತರೆ ಅಪೆಂಡಿಕ್ಸ್ ಇರಬಹುದು. ಮೇಲ್ಹೊಟ್ಟೆಯ ಉರಿಯ ಜೊತೆ ಬೆವರು, ಏದುಸಿರು, ಎಡಗೈ ಸೆಳೆತ ಇದ್ದರೆ ಸೋಡಾ ಕುಡಿಸಿ ಕಾಯುತ್ತ ಕೂಡಬೇಡಿ. ಅದು ಹೃದಯದ್ದಿರಬಹುದು, ಕೂಡಲೇ ದೊಡ್ಡ ದವಾಖಾನೆಗೆ ಕರೆದೊಯ್ಯಿರಿ.