‘ಭಕ್ತ’ರು, ‘ಭವ್ಯ’ರು: ಬುಕ್ಕರಾಯನ ಬೆಳ್ಗೊಳ ಶಾಸನದ ಪರಿಭಾಷೆ

ಶ್ರವಣಬೆಳ್ಗೊಳದ ಭಂಡಾರಿ ಬಸದಿಯ ಬಳಿಯಿರುವ, ಕ್ರಿ.ಶ. 1368ರ ಬುಕ್ಕರಾಯನ ಶಾಸನವು ವಿದ್ವಾಂಸರಿಗೆ ಸುಪರಿಚಿತವಾದುದು. ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಎರಡನೆಯ ಸಂಪುಟದಲ್ಲಿ ಇದು 344ನೆಯದು. ಮಾಗಡಿ ಸೀಮೆಯ ಕಲ್ಯದಲ್ಲಿಯೂ ಇದೇ ಒಡಂಬಡಿಕೆಯ ಶಾಸನವೊಂದಿದೆ. ಮತಸಹಿಷ್ಣುತೆಗೆ ನಿದರ್ಶನವೆಂದು ಇದನ್ನು ಉದಾಹರಿಸುವುದು ವಾಡಿಕೆ. ಅಷ್ಟರಿಂದಲೇ ತೃಪ್ತರಾದರೆ, ಮತದ ಮಾತು ಇಲ್ಲಿ ರಾಜ್ಯದ ಮಾತಾಗಿ ಪರಿಣಮಿಸಿದ ಬಗೆ ಗಮನಕ್ಕೆ ಬಾರದು.

ಆರಂಭವೇ ವಿಸ್ಮಯಕರ. ಜೈನರಿಗೆ ಅಭಯವೀಯುವ ಈ ಲೇಖವು, ರಾಮಾನುಜಾಚಾರ್ಯರನ್ನು ಪಾಷಂಡರೆಂಬ ಸಮುದ್ರಕ್ಕೆ ಬಡಬಾಗ್ನಿಯೆಂದು ಸ್ತುತಿಸುವ ಸಂಸ್ಕೃತ ಶ್ಲೋಕದಿಂದ ತೊಡಗುತ್ತದೆ. ‘ಪಾಷಂಡ’ ಪದದ ವ್ಯಾಪ್ತಿ ಎಷ್ಟೆಂಬುದನ್ನು ಪಂಡಿತರಿಗೆ ಹೇಳಬೇಕಾಗಿಲ್ಲ. ಮುಂದಿನ ಕನ್ನಡ ಗದ್ಯದಲ್ಲಾದರೋ ಧ್ವನಿಯೇ ಬೇರೆ. ಅಲ್ಲಿ ಶ್ರೀವೈಷ್ಣವರು ‘ಭಕ್ತರು’, ಜೈನರು ‘ಭವ್ಯಜನಂಗಳು’, ಇಬ್ಬರದೂ ‘ದರ್ಶನ’ವೇ. ಎರಡು ಸಮಯಗಳೂ ತಮ್ಮತಮ್ಮ ಹೆಸರುಗಳನ್ನು ಹೊತ್ತುಕೊಂಡೇ ರಾಜಶಾಸನವನ್ನು ಪ್ರವೇಶಿಸಿವೆ.

ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದೆಡೆಗಳ ಭವ್ಯರು, ಭಕ್ತರಿಂದ ತಮಗಾಗುತ್ತಿದ್ದ ಅನ್ಯಾಯವನ್ನು ಬಿನ್ನವಿಸಿಕೊಂಡರು. ಅರಸನು ಹದಿನೆಂಟು ನಾಡಿನ ಶ್ರೀವೈಷ್ಣವರ ಸಮಕ್ಷಮದಲ್ಲಿ ಜೈನರ ಕೈಹಿಡಿದು ಅವರ ಕೈಗೆ ಒಪ್ಪಿಸಿ, ಪಂಚಮಹಾವಾದ್ಯಗಳೂ ಕಳಶವೂ ಪೂರ್ವಮರ್ಯಾದೆಯಂತೆ ಜೈನದರ್ಶನಕ್ಕೆ ಸಲ್ಲತಕ್ಕವೆಂದು ವಿಧಿಸಿದನು. ಅದರ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮ ದರ್ಶನದವೆಂದೇ ಬಗೆಯಬೇಕೆಂದನು. ಆದರೆ ಈ ರಕ್ಷಣೆಯ ವೆಚ್ಚ ಯಾರದು? ಮನೆಯೊಂದಕ್ಕೆ ವರ್ಷಕ್ಕೊಂದು ಹಣದಂತೆ ತೆರಬೇಕಾದವರು ಜೈನರೇ. ಅದನ್ನು ಎತ್ತುವವನು ತಿರುಮಲೆಯ ತಾತಯ್ಯ. ಬೆಳ್ಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳು, ಮಿಕ್ಕ ಹೊನ್ನು ಜೀರ್ಣಜಿನಾಲಯಗಳಿಗೆ. ಸಹಿಷ್ಣುತೆಯನ್ನು ಕೊಂಡಾಡುವವರು ಈ ಲೆಕ್ಕವನ್ನೂ ಓದುವುದೊಳಿತು.

ಕಟ್ಟಳೆಯನ್ನು ಮೀರಿದವನು ರಾಜನಿಗೆ ಮಾತ್ರವಲ್ಲದೆ ಸಂಘಕ್ಕೂ ಸಮುದಾಯಕ್ಕೂ ದ್ರೋಹಿಯೆಂದು ಶಾಸನವು ಸಾರುತ್ತದೆ. ಜೈನ ಪರಿಭಾಷೆಗೆ ಚಿರಪರಿಚಿತವಾದ ‘ಸಂಘ’ ಶಬ್ದವು ಹೀಗೆ ರಾಜದ್ರೋಹದ ಪಕ್ಕದಲ್ಲಿ ಸ್ಥಾನ ಪಡೆಯಿತು. ದಂಡನೀತಿಗೂ ಧರ್ಮದ ನುಡಿಗೂ ಇಲ್ಲಿ ಗೆರೆ ಎಳೆಯುವುದು ಕಷ್ಟ. ಕೊನೆಗೆ ಗಂಗೆಯ ತಡಿಯ ಗೋಬ್ರಾಹ್ಮಣಹತ್ಯೆಯ ಪಾಪವೂ ಶಾಪವಾಗಿ ಬರುತ್ತದೆ.

ರಾಜ್ಯವು ಮತಗಳನ್ನು ಯಾವ ಹೆಸರಿನಿಂದ ಗುರುತಿಸಬೇಕೆಂಬ ಈ ಪ್ರಶ್ನೆ ಸ್ವತಂತ್ರ ಭಾರತದಲ್ಲಿಯೂ ತಲೆದೋರಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 25ನೆಯ ಅನುಚ್ಛೇದದ ವಿವರಣೆಯು, ಸಮಾಜಸುಧಾರಣೆ ಮತ್ತು ದೇವಾಲಯ ಪ್ರವೇಶದ ಉಪಖಂಡದ ಮಟ್ಟಿಗೆ, ‘ಹಿಂದೂ’ ಎಂಬ ಪದದೊಳಗೆ ಸಿಖ್ಖರನ್ನೂ ಜೈನರನ್ನೂ ಬೌದ್ಧರನ್ನೂ ಸೇರಿಸಿತು. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಜೈನರನ್ನು ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸಮುದಾಯವೆಂದು ಪ್ರಕಟಿಸಿತು. ಬುಕ್ಕರಾಯನ ಶಾಸನವಾದರೋ ಎರಡು ದರ್ಶನಗಳಿಗೆ ಭೇದವಿಲ್ಲವೆಂದು ಘೋಷಿಸಿಯೂ ಇಬ್ಬರಿಗೂ ಸಲ್ಲುವ ಮೂರನೆಯ ಮತನಾಮವೊಂದನ್ನು ಹುಡುಕಲಿಲ್ಲ.